ಎಸ್ಸೆಸ್ಸೆಲ್ಸಿ ಜುಲೈ 19 ಮತ್ತು 22: ಒಎಂಆರ್‌ಗೆ ಮಕ್ಕಳನ್ನ ಮನೇಲಿ ಹೇಗೆ ತಯಾರು ಮಾಡೋದು?

ಬನಶಂಕರಿ ಪೋಷಕ · 6 ಜುಲೈ 2021, ರಾತ್ರಿ 9:10
ದಿನಾಂಕ ಪಕ್ಕಾ ಆಗಿದೆ. 19 ಸೋಮವಾರ ಗಣಿತ, ವಿಜ್ಞಾನ, ಸಮಾಜ ಮೂರೂ ಒಂದೇ ದಿನ. 22 ಗುರುವಾರ ಮೂರು ಭಾಷೆ. ಎರಡೂ ದಿನ 10:30ರಿಂದ 1:30. ವಿಷಯಕ್ಕೆ 40 ಪ್ರಶ್ನೆ, ಒಂದಕ್ಕೆ ಒಂದು ಅಂಕ, ಎಲ್ಲಾ ಬಹು ಆಯ್ಕೆ. ಈ ಬ್ಯಾಚಿನ ಬಹಳಷ್ಟು ಮಕ್ಕಳು 9ನೇ ಕ್ಲಾಸಿನ ವಾರ್ಷಿಕ ಪರೀಕ್ಷೆನೇ ಬರೆದಿಲ್ಲ. 10ನೇ ಕ್ಲಾಸಿನ ಬಾಗಿಲು ತೆರೆದಿದ್ದು ಜನವರಿ 1ಕ್ಕೆ, ಏಪ್ರಿಲ್ ಕೊನೆಗೆ ಮತ್ತೆ ಲಾಕ್‌ಡೌನ್. ಹೆಚ್ಚಿನವರು ಒಎಂಆರ್ ಹಾಳೆ (ವೃತ್ತ ತುಂಬಿ ಉತ್ತರ ಕೊಡೋ, ಯಂತ್ರ ಓದೋ ಹಾಳೆ) ಕಣ್ಣಲ್ಲೂ ನೋಡಿಲ್ಲ.

ಉಳಿದಿರೋದು ಎರಡು ವಾರಕ್ಕಿಂತ ಕಡಿಮೆ. ಮನೇಲಿ ಏನು ಅಭ್ಯಾಸ ಮಾಡಿಸಬೇಕು, ಯಾವ ವಿಷಯಕ್ಕೆ ಎಷ್ಟು ಹೊತ್ತು, ಮಾಸ್ಕ್ ಹಾಕ್ಕೊಂಡು ಮೂರು ಗಂಟೆ ಕೂರೋದು ಹೇಗೆ? ಕಲಿಸೋರು, ಕೊಠಡಿ ಮೇಲ್ವಿಚಾರಣೆ ಮಾಡೋರು ಇಲ್ಲಿದ್ದರೆ ದಯವಿಟ್ಟು ಬಿಡಿಸಿ ಹೇಳಿ. ಇನ್ನೊಂದು: ಈ ಮಕ್ಕಳಿಗೆ ಬೀಳ್ಕೊಡುಗೆನೂ ಇಲ್ಲ, ಗ್ರೂಪ್ ಫೋಟೋನೂ ಇಲ್ಲ. ಅದಕ್ಕೇನಾದ್ರೂ ಮಾಡೋಕಾಗುತ್ತಾ?

ಯಲಹಂಕ ವಾಸಿ · 9:18
ಯಾರನ್ನೂ ಫೇಲ್ ಮಾಡಲ್ಲ ಅಂತ ಸಚಿವರೇ ಹೇಳಿದ್ದಾರಲ್ಲ. ಎ ಬಿ ಸಿ ಡಿ ಯಾವುದಾದ್ರೂ ತುಂಬಿ ಬರಲಿ ಬಿಡಿ. ಎಲ್ಲಾ ಲಾಟರಿ.

ಗಣಿತ ಮೇಷ್ಟ್ರು · 9:41
ಲಾಟರಿ ಅನ್ನೋದು ತಪ್ಪು ಲೆಕ್ಕ ಸರ್. ನಾಲ್ಕು ಆಯ್ಕೆಯಲ್ಲಿ ಕಣ್ಣು ಮುಚ್ಚಿ ತುಂಬಿದ್ರೆ 40ಕ್ಕೆ ಸರಾಸರಿ 10 ಬರುತ್ತೆ. ಎರಡು ಆಯ್ಕೆ ಖಂಡಿತ ಅಲ್ಲ ಅಂತ ತೆಗೆದುಹಾಕೋಷ್ಟು ಓದಿರೋ ಮಗುವಿಗೆ ಅದೇ ಊಹೆಯಲ್ಲಿ 20. ಪಾಸಿನ ಭಯ ಇಲ್ಲ, ಒಪ್ಪೋಣ. ಆದ್ರೆ ಪಿಯುಸಿಯಲ್ಲಿ ಒಳ್ಳೆ ಕಾಲೇಜಿನ ಸೀಟು ಈ ಅಂಕದ ಮೇಲೇ ನಿಂತಿದೆ. ಎರಡನೇ ಪಿಯುಸಿಯವರಿಗೆ ಈ ವರ್ಷ ಏನಾಯ್ತು ನೋಡಿ: ಪರೀಕ್ಷೆ ರದ್ದು, ಎಸ್ಸೆಸ್ಸೆಲ್ಸಿಯಿಂದ 45 ಪಾಲು, ಮೊದಲ ಪಿಯುಸಿಯಿಂದ 45, ಆಂತರಿಕ 10. ಎಸ್ಸೆಸ್ಸೆಲ್ಸಿಯಲ್ಲಿ ಶೇ 80, ಮೊದಲ ಪಿಯುನಲ್ಲಿ ಶೇ 60 ಇದ್ದ ಮಗುವಿಗೆ 36 + 27 = 63, ಅದರ ಮೇಲೆ ಆಂತರಿಕ. ಎರಡು ವರ್ಷ ಹಿಂದಿನ ಅಂಕ ಹೀಗೆ ಎದ್ದು ಬರುತ್ತೆ ಅಂತ ಯಾರು ಎಣಿಸಿದ್ರು? ತಾತ್ಸಾರ ಬೇಡ.

ಈಗ ಸಮಯದ ವಿಷಯ. 180 ನಿಮಿಷ, 120 ಪ್ರಶ್ನೆ. ಪ್ರಶ್ನೆಗೆ ಒಂದೂವರೆ ನಿಮಿಷ ಅಂತ ಸಮ ಪಾಲು ಮಾಡಿದ್ರೆ ಗಣಿತದಲ್ಲಿ ಸಿಕ್ಕಿಹಾಕ್ಕೊಳ್ತಾರೆ. ಸಮಾಜಕ್ಕೆ 40 ನಿಮಿಷ, ವಿಜ್ಞಾನಕ್ಕೆ 55, ಗಣಿತಕ್ಕೆ 70. ಉಳಿದ 15 ನಿಮಿಷ ಬಿಟ್ಟಿದ್ದನ್ನ ನೋಡೋಕೆ. ಒಂದು ವೃತ್ತ ಸರಿಯಾಗಿ ತುಂಬೋಕೆ 5 ಸೆಕೆಂಡ್ ಹಿಡಿಯುತ್ತೆ, 120ಕ್ಕೆ 10 ನಿಮಿಷ. ಇದನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ, ಕೊನೇಲಿ ತುಂಬ್ತೀನಿ ಅಂತ ಕೂತವರಿಗೆ ಬೆಲ್ ಹೊಡೆಯುತ್ತೆ.

ಕೆಂಗೇರಿ ಟೀಚರ್ · 9:58
ಮೇಷ್ಟ್ರು ಹೇಳಿದ್ದಕ್ಕೆ ನಂದೂ ಸೇರಿಸ್ತೀನಿ. ಒಂದು ಪುಟ ಬಿಡಿಸಿ, ಆ ಪುಟದ ಉತ್ತರಗಳನ್ನ ಆಗಲೇ ಹಾಳೆಗೆ ಇಳಿಸಿ, ಆಮೇಲೆ ಮುಂದಿನ ಪುಟ. ಇಳಿಸುವಾಗ ಪ್ರಶ್ನೆಯ ಸಂಖ್ಯೆ ಬಾಯಲ್ಲಿ ಹೇಳ್ಕೋಬೇಕು: "ಹದಿನೇಳು ಬಿ, ಹದಿನೆಂಟು ಡಿ." ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದಾಗಲೇ ಅನಾಹುತ ಆಗೋದು. 18 ಬಿಟ್ಟಿರ್ತಾರೆ, 19ರ ಉತ್ತರ 18ರ ಸಾಲಿಗೆ ಹೋಗುತ್ತೆ, ಅಲ್ಲಿಂದ ಕೆಳಗೆ ಎಲ್ಲಾ ಒಂದು ಸಾಲು ಮೇಲೆ. ಬಿಟ್ಟ ಪ್ರಶ್ನೆಗೆ ಪ್ರಶ್ನೆಪತ್ರಿಕೆಯಲ್ಲಿ ಗುರುತು ಹಾಕಲಿ, ಒಎಂಆರ್ ಮೇಲೆ ಬೇಡ.

ವಿಷಯಕ್ಕೊಂದು ಹಾಳೆ, ಮೂರೂ ಬೇರೆ ಬೇರೆ ಬಣ್ಣ. ಆದ್ರೂ ವಿಜ್ಞಾನದ ಉತ್ತರ ಗಣಿತದ ಹಾಳೆಗೆ ಹೋಗೋ ಸಾಧ್ಯತೆ ಇದೆ. ಒಂದು ಹಾಳೆ ಮಾತ್ರ ಮುಂದೆ, ಉಳಿದೆರಡು ಪ್ರಶ್ನೆಪತ್ರಿಕೆ ಅಡಿಯಲ್ಲಿ.

ಪೆನ್ನು ಪೇಪರು · 10:05
ಮೊದಲು ಪೆನ್ಸಿಲ್‌ನಲ್ಲಿ ತುಂಬಿ ಆಮೇಲೆ ಪೆನ್ನಲ್ಲಿ ತಿದ್ದಿದ್ರೆ ಸೇಫ್ ಅಲ್ವಾ?

ಸ್ಕ್ಯಾನರ್ ಬಲ್ಲವ · 10:22
ಬೇಡವೇ ಬೇಡ. ಯಂತ್ರ ಓದೋದು ಉತ್ತರವನ್ನಲ್ಲ, ಪ್ರತಿ ವೃತ್ತದೊಳಗೆ ಎಷ್ಟು ಕಪ್ಪಿದೆ ಅನ್ನೋದನ್ನ. ಒಂದು ಮಟ್ಟ ದಾಟಿದ್ರೆ ತುಂಬಿದೆ, ದಾಟದಿದ್ರೆ ಖಾಲಿ. ಪೆನ್ಸಿಲ್ ಅಳಿಸಿದ ಕಡೆ ಮಸಿ ಹರಡುತ್ತೆ, ಕಾಗದದ ಮೇಲ್ಮೈ ಎದ್ದು ನಾರು ಬಿಡುತ್ತೆ. ಆಗ ಎರಡು ವೃತ್ತ ತುಂಬಿದ ಹಾಗೆ ಕಾಣಬಹುದು, ಎರಡು ತುಂಬಿದ್ರೆ ಅಂಕ ಇಲ್ಲ.

ನೀಲಿ ಅಥವಾ ಕಪ್ಪು ಬಾಲ್‌ಪಾಯಿಂಟ್ ಪೆನ್ ಮಾತ್ರ. ಜೆಲ್ ಪೆನ್ ಇಂಕು ಒಣಗೋಕೆ ಹೊತ್ತು ಬೇಕು, ಅಂಗೈ ತಾಗಿ ಪಕ್ಕದ ಸಾಲಿಗೆ ಎಳೆಯುತ್ತೆ. ಟಿಕ್ ಮಾರ್ಕು, ಇಂಟು, ಮಧ್ಯದಲ್ಲಿ ಚುಕ್ಕೆ, ಅರ್ಧ ವೃತ್ತ ಇವೆಲ್ಲ ಅನುಮಾನಕ್ಕೆ ದಾರಿ. ಅಂಚಿಂದ ಒಳಗೆ ಸುತ್ತುತ್ತಾ ತುಂಬಬೇಕು. ಹಾಳೆಯ ಬದಿಯಲ್ಲಿ ಸಾಲಾಗಿ ಸಣ್ಣ ಕಪ್ಪು ಪಟ್ಟಿ ಇರುತ್ತಲ್ಲ, ಯಂತ್ರ ಸಾಲು ಹಿಡಿಯೋದು ಅದರಿಂದ. ಅಲ್ಲಿ ಗೀಚಬಾರದು, ಹಾಳೆ ಮಡಿಸಬಾರದು, ರಫ್ ಕೆಲಸ ಅಲ್ಲಿ ಮಾಡಬಾರದು.

ಈ ವರ್ಷಕ್ಕೇ ವಿಶೇಷವಾಗಿ ಸ್ಯಾನಿಟೈಸರ್! ಬಾಲ್‌ಪಾಯಿಂಟ್ ಇಂಕು ಆಲ್ಕೋಹಾಲ್‌ನಲ್ಲಿ ಕರಗುತ್ತೆ. ಕೈಗೆ ಸ್ಯಾನಿಟೈಸರ್ ಹಾಕ್ಕೊಂಡು ಒದ್ದೆ ಕೈಯಲ್ಲೇ ಹಾಳೆ ಮುಟ್ಟಿದ್ರೆ ತುಂಬಿದ ವೃತ್ತ ಕಲಸಿಹೋಗುತ್ತೆ. ಕೈ ಪೂರ್ತಿ ಒಣಗೋವರೆಗೆ ಉಜ್ಜಿ, ಆಮೇಲೆ ಪೆನ್ನು ಹಿಡೀಬೇಕು. ಪರೀಕ್ಷೆ ನಡುವೆ ಮತ್ತೆ ಮತ್ತೆ ಹಾಕ್ಕೊಳ್ಳೋ ಅಗತ್ಯ ಇಲ್ಲ, ತನ್ನ ಪೆನ್ನು ತನ್ನ ಹಾಳೆ ಮಾತ್ರ ಮುಟ್ಟೋ ಮಗುವಿಗೆ ಒಳಗೆ ಬರುವಾಗ ಒಂದು ಸಲ ಸಾಕು.

ಪೆನ್ನು ಪೇಪರು · 10:25
ಸ್ಯಾನಿಟೈಸರ್ ವಿಷಯ ಎಲ್ಲೂ ಓದಿರಲಿಲ್ಲ. ಕ್ಲಾಸ್ ಗ್ರೂಪಿಗೆ ಹಾಕ್ತೀನಿ.

ರಾಜಾಜಿನಗರ ಜೆರಾಕ್ಸ್ · 10:40
ಮಾದರಿ ಪ್ರಶ್ನೆಪತ್ರಿಕೆ, ಮಾದರಿ ಒಎಂಆರ್ ಎರಡೂ ಎಸ್ಸೆಸ್ಸೆಲ್ಸಿ ಮಂಡಳಿ ಜಾಲತಾಣದಲ್ಲಿವೆ. ಪ್ರಿಂಟ್ ಹಾಕಿಸುವಾಗ ಅಂಗಡಿಯವರಿಗೆ "ಆಕ್ಚುಯಲ್ ಸೈಜ್" ಅಂತ ಹೇಳಿ, "ಫಿಟ್ ಟು ಪೇಜ್" ಬೇಡ. ಫಿಟ್ ಹಾಕಿದ್ರೆ ವೃತ್ತ ಸಣ್ಣದಾಗುತ್ತೆ, ಮಗು ಸಣ್ಣ ವೃತ್ತಕ್ಕೆ ಕೈ ಪಳಗಿಸ್ಕೊಂಡಿರುತ್ತೆ. ಒಎಂಆರ್ ಎರಡೂ ಬದಿ ಪ್ರಿಂಟ್ ಮಾಡ್ಬೇಡಿ. ಮೂರು ವಿಷಯದ ಅಭ್ಯಾಸ ನಾಲ್ಕು ಸಲ ಮಾಡೋದಾದ್ರೆ 12 ಹಾಳೆ.

ಮಲ್ಲೇಶ್ವರದ ಅಕ್ಕ · 10:52
ನೆಟ್ ಇಲ್ಲದವರು ನೇರವಾಗಿ ಮಲ್ಲೇಶ್ವರದ 18ನೇ ಕ್ರಾಸ್ ಮಂಡಳಿ ಆಫೀಸಿಗೆ ಹೋಗಿ ಕೇಳಬಹುದಲ್ಲ?

ಕೆಂಗೇರಿ ಟೀಚರ್ · 10:55
18ನೇ ಕ್ರಾಸಿನದು ಪಿಯು ಇಲಾಖೆ ಅಕ್ಕ. ಎಸ್ಸೆಸ್ಸೆಲ್ಸಿ ಮಂಡಳಿ ಇರೋದು 6ನೇ ಕ್ರಾಸಲ್ಲಿ. ಆದ್ರೆ ಮಾದರಿ ಪತ್ರಿಕೆಗೆ ಅಷ್ಟು ದೂರ ಓಡೋದು ಬೇಡ, ಮುಖ್ಯಶಿಕ್ಷಕರ ಹತ್ತಿರ ಕೇಳಿ, ಕೊಡ್ತಾರೆ.

ಕೋಚಿಂಗ್ ಬೇಡ · 7 ಜುಲೈ, ಬೆಳಿಗ್ಗೆ 7:15
ಮೇಷ್ಟ್ರು ಸಮಾಜ ಮೊದಲು ಅಂದ ಹಾಗಿದೆ. ನಾನು ಒಪ್ಪಲ್ಲ. ತಲೆ ಹಗುರಾಗಿರೋವಾಗಲೇ ಗಣಿತ ಮುಗಿಸಬೇಕು. ಒಂದು ಗಂಟೆ ಹೊತ್ತಿಗೆ ಹೊಟ್ಟೆ ಹಸಿದು ಮಾಸ್ಕೊಳಗೆ ಬೆವರ್ತಾ ತ್ರಿಕೋನಮಿತಿ ಬಿಡಿಸೋಕಾಗುತ್ತಾ?

ಗಣಿತ ಮೇಷ್ಟ್ರು · 7:40
ಗಣಿತದಲ್ಲಿ ಶುರು ಮಾಡಿದ ಮಗು ಮೂರನೇ ಪ್ರಶ್ನೆಗೇ ಸಿಕ್ಕಿಬಿದ್ರೆ ಉಳಿದ 117ಕ್ಕೂ ಧೈರ್ಯ ಹೋಗುತ್ತೆ. ಸಮಾಜದಲ್ಲಿ ಗೊತ್ತಿದ್ರೆ ಗೊತ್ತು, ಇಲ್ಲದಿದ್ರೆ ಇಲ್ಲ, ಕೂತು ಯೋಚಿಸಿದ್ರೆ ಹೊಸದೇನೂ ಹೊಳೆಯಲ್ಲ. 40 ನಿಮಿಷದಲ್ಲಿ ಒಂದು ಹಾಳೆ ಮುಗೀತು ಅನ್ನೋ ನೆಮ್ಮದಿ ಬರುತ್ತೆ. ಗಣಿತ ಗಟ್ಟಿ ಇರೋ ಮಗುವಿಗೆ ನೀವು ಹೇಳಿದ್ದೂ ಸರಿ. ಮನೇಲಿ ಎರಡೂ ಕ್ರಮದಲ್ಲಿ ಒಂದೊಂದು ಸಲ ಬರೆಸಿ, ಯಾವುದರಲ್ಲಿ ಹೆಚ್ಚು ಬರುತ್ತೋ ಅದೇ ಇಟ್ಕೊಳ್ಳಿ. ಪರೀಕ್ಷೆ ದಿನ ಕ್ರಮ ಬದಲಿಸೋದು ಮಾತ್ರ ಬೇಡ.

ಗಣಿತ ಬಹು ಆಯ್ಕೆಯಲ್ಲಿ ಎಲ್ಲವನ್ನೂ ಬಿಡಿಸಬೇಕಿಲ್ಲ, ಉತ್ತರದಿಂದ ಹಿಂದಕ್ಕೆ ಬರಬಹುದು. ಎಕ್ಸ್ ವರ್ಗ ಮೈನಸ್ 5 ಎಕ್ಸ್ ಪ್ಲಸ್ 6 ಸಮ ಸೊನ್ನೆ, ಮೂಲಗಳೇನು ಅಂತ ಕೇಳಿದ್ರೆ ಸೂತ್ರ ಹಾಕೋ ಬದಲು ಆಯ್ಕೆಗಳನ್ನ ನೋಡಿ. ಕೂಡಿದ್ರೆ 5, ಗುಣಿಸಿದ್ರೆ 6 ಬರೋ ಜೋಡಿ ಯಾವುದು? 2 ಮತ್ತು 3. ಹತ್ತು ಸೆಕೆಂಡ್ ಕೆಲಸ. ಸಮಾಂತರ ಶ್ರೇಢಿಯಲ್ಲೂ ಅಷ್ಟೇ: ಮೊದಲ ಪದ, ಸಾಮಾನ್ಯ ವ್ಯತ್ಯಾಸ ಹಾಕಿ ಆಯ್ಕೆ ಹೊಂದುತ್ತಾ ನೋಡೋದು. ಹಾಗೆ ಉಳಿಸಿದ ನಿಮಿಷ ಘನಫಲದ ಲೆಕ್ಕಕ್ಕೆ ಬೇಕಾಗುತ್ತೆ, ಅಲ್ಲಿ ಗುಣಾಕಾರ ತಪ್ಪೋದೇ ಜಾಸ್ತಿ. ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ, ಹಾಗಾಗಿ ಒಂದು ಸಾಲೂ ಖಾಲಿ ಬಿಡಬಾರದು.

ಕನ್ನಡಕ · 8:02
ಮಾಸ್ಕ್ ಹಾಕಿದ್ರೆ ಕನ್ನಡಕಕ್ಕೆ ಮಂಜು ಹಿಡಿಯುತ್ತಲ್ಲ, ಅದಕ್ಕೇನು ಉಪಾಯ?

ಜಯನಗರ ನರ್ಸ್ · 8:30
ಮಂಜು ಹಿಡಿಯೋದು ಮೂಗಿನ ಪಕ್ಕದಿಂದ ಬಿಸಿ ಉಸಿರು ಮೇಲೆ ಬರೋದ್ರಿಂದ. ಸರ್ಜಿಕಲ್ ಮಾಸ್ಕಿನ ಮೇಲಂಚಲ್ಲಿ ತಂತಿ ಇದೆ. ಅದನ್ನ ಮಧ್ಯಕ್ಕೆ ಮಡಚಿ ಹಾಕ್ಕೊಂಡ್ರೆ ಚೂಪಾಗಿ ನಿಂತು ಎರಡೂ ಕಡೆ ಸಂದು ಬಿಡುತ್ತೆ. ಎರಡು ಬೆರಳಲ್ಲಿ ಮೂಗಿನ ಇಳಿಜಾರಿಗೆ ಒತ್ತುತ್ತಾ ಕೆನ್ನೆವರೆಗೆ ಕೂರಿಸಬೇಕು. ಕನ್ನಡಕ ಮಾಸ್ಕಿನ ಅಂಚಿನ ಮೇಲೆ ಕೂತಿರಲಿ. ಅದಕ್ಕೂ ಬಗ್ಗದಿದ್ರೆ ಮೂಗಿನ ಮೇಲೆ ಒಂದು ತುಂಡು ಮೆಡಿಕಲ್ ಪೇಪರ್ ಟೇಪ್. ಸೋಪು ನೀರಲ್ಲಿ ಗಾಜು ತೊಳೆದು ಒರೆಸದೆ ಗಾಳಿಗೆ ಒಣಗಿಸಿದ್ರೂ ಸ್ವಲ್ಪ ಹೊತ್ತು ಮಂಜು ತಡೆಯುತ್ತೆ.

ಬೆವರಿಗೋ ಮಳೆಗೋ ಒದ್ದೆಯಾದ ಮಾಸ್ಕಲ್ಲಿ ಉಸಿರಾಡೋಕೂ ಕಷ್ಟ, ಸೋಸೋದೂ ಕಡಿಮೆ. ಜುಲೈ ತಿಂಗಳು, ಬೆಳಿಗ್ಗೆ ಜಿನುಗೋ ಮಳೆ ಇದ್ದೇ ಇರುತ್ತೆ. ಎರಡು ಮಾಸ್ಕ್ ಜಿಪ್ ಕವರಲ್ಲಿ ಹಾಕಿ ಕೊಡಿ, ಒಂದು ಹಾದಿಯಲ್ಲಿ, ಇನ್ನೊಂದು ಕೊಠಡಿ ಹೊಕ್ಕ ಮೇಲೆ. ಎನ್95 ಹಾಕೋರು ಅದರ ಮೇಲೆ ಇನ್ನೊಂದು ಹಾಕಬೇಡಿ. ಮತ್ತೆ, ಅಭ್ಯಾಸದ ದಿನವೂ ಮೂರು ಗಂಟೆ ಮಾಸ್ಕ್ ಹಾಕ್ಕೊಂಡೇ ಬರೆಸಿ. ಪರೀಕ್ಷೆ ದಿನ ಮೊದಲ ಸಲ ಅಷ್ಟು ಹೊತ್ತು ಹಾಕಿದ್ರೆ ಕಿವಿ ಹಿಂದೆ ನೋವು, ತಲೆನೋವು, ಗಮನವೆಲ್ಲ ಅಲ್ಲೇ.

ಬನಶಂಕರಿ ಪೋಷಕ · 8:44
ಜ್ವರ ಬಂದ್ರೆ?

ಕೆಂಗೇರಿ ಟೀಚರ್ · 9:05
ಮುಚ್ಚಿಡಬೇಡಿ, ಮಾತ್ರೆ ನುಂಗಿಸಿ ಕಳಿಸಲೂ ಬೇಡಿ. ಗೇಟಲ್ಲಿ ಥರ್ಮಲ್ ಸ್ಕ್ಯಾನರ್ ಇರುತ್ತೆ. ಜ್ವರ, ಕೆಮ್ಮು, ನೆಗಡಿ ಇರೋರಿಗೆ ಪ್ರತ್ಯೇಕ ಕೊಠಡಿ ಇದೆ. ಪಾಸಿಟಿವ್ ಬಂದ್ರೆ ಕೋವಿಡ್ ಕೇರ್ ಸೆಂಟರಲ್ಲೇ ಬರೆಯೋ ವ್ಯವಸ್ಥೆ ಇದೆ. ಆದ್ರೆ ಮುಖ್ಯಶಿಕ್ಷಕರಿಗೆ ಮೊದಲೇ ತಿಳಿಸಿದ್ರೆ ಮಾತ್ರ ಅದು ಆಗೋದು. ಹೋದ ವರ್ಷ ಜೂನ್ 25ರಿಂದ ಸುಮಾರು ಎಂಟೂವರೆ ಲಕ್ಷ ಮಕ್ಕಳು ಕೋವಿಡ್ ಮುನ್ನೆಚ್ಚರಿಕೆಯಲ್ಲೇ ಆರು ಪತ್ರಿಕೆ ಬರೆದ್ರು, ಹಾಗಾಗಿ ಸಿಬ್ಬಂದಿಗೆ ಇದು ಹೊಸದಲ್ಲ. ಡೆಸ್ಕಿಗೆ ಒಬ್ಬರೇ. ನೀರಿನ ಬಾಟಲಿ ಮನೆಯಿಂದಲೇ ಕೊಡಿ.

ನನ್ನ ಚಿಂತೆ ಕೊಠಡಿಯೊಳಗಿನದಲ್ಲ, ಗೇಟಿನದು. 1:30ಕ್ಕೆ ಬಿಟ್ಟ ತಕ್ಷಣ ಅಪ್ಪ ಅಮ್ಮಂದಿರು ಗುಂಪು ಕಟ್ಟಿ ನಿಲ್ತಾರೆ, ಮಕ್ಕಳು ಮಾಸ್ಕ್ ಇಳಿಸಿ ಉತ್ತರ ಚರ್ಚೆ ಶುರು ಮಾಡ್ತಾರೆ. ದಯವಿಟ್ಟು ಸ್ವಲ್ಪ ದೂರ, ಮುಂದಿನ ತಿರುವಲ್ಲಿ ನಿಂತು ಕಾಯಿರಿ.

ಕೋಚಿಂಗ್ ಬೇಡ · 9:20
ತಿಂಡಿ 8:30ರ ಹೊತ್ತಿಗೆ ಆಗಲಿ. ಇಡ್ಲಿ, ಉಪ್ಪಿಟ್ಟು, ಚಪಾತಿ, ದಿನಾ ತಿನ್ನೋದೇ. ಏಳು ಗಂಟೆಗೇ ತಿನ್ನಿಸಿ ಕಳಿಸಿದ್ರೆ ಹನ್ನೆರಡಕ್ಕೆ ಹೊಟ್ಟೆ ಚುರುಗುಟ್ಟುತ್ತೆ.

ಕೆ.ಆರ್. ಪುರ ತಾಯಿ · 11:10
ನಮ್ಮ ಕಡೆ ಒಂದು ಖಾಸಗಿ ಶಾಲೆಯಲ್ಲಿ ಫೀಸ್ ಬಾಕಿ ಇರೋ ಮಕ್ಕಳಿಗೆ ಹಾಲ್ ಟಿಕೆಟ್ ಕೊಡಲ್ಲ ಅಂತಿದ್ದಾರಂತೆ. ಏನು ಮಾಡಬಹುದು ಹೇಳಿ.

ಇಲಾಖೆ ಬಲ್ಲವರು · 11:35
ಹಾಲ್ ಟಿಕೆಟ್ ಮಂಡಳಿಯದು ಮೇಡಂ, ಶಾಲೆ ಬರೀ ಹಂಚೋದು. ಫೀಸಿಗೆ ಅದನ್ನ ಒತ್ತೆ ಇಡೋ ಅಧಿಕಾರ ಶಾಲೆಗಿಲ್ಲ. ಹೀಗೆ ಮಾಡಿ: ಮೊದಲು ಮುಖ್ಯಶಿಕ್ಷಕರಿಗೆ ಅರ್ಜಿ, ವಿದ್ಯಾರ್ಥಿಯ ಹೆಸರು, ನೋಂದಣಿ ಸಂಖ್ಯೆ ಹಾಕಿ. ನಿಮ್ಮ ಪ್ರತಿ ಮೇಲೆ ಸೀಲು, ಸಹಿ, ತಾರೀಖು ತಗೊಳ್ಳಿ. ಸೀಲು ಹಾಕಲ್ಲ ಅಂದ್ರೆ ರಿಜಿಸ್ಟರ್ಡ್ ಪೋಸ್ಟ್. ಅದರ ಪ್ರತಿ ಜೊತೆ ಮಾರನೇ ದಿನವೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ, ಅಲ್ಲೂ ಸ್ವೀಕೃತಿ. ಬಾಯಿಮಾತಲ್ಲಿ ಜಗಳ ಆಡಿ ಬಂದ್ರೆ ದಾಖಲೆ ಉಳಿಯಲ್ಲ. 12ನೇ ತಾರೀಖಿನ ಒಳಗೆ ಮುಗಿಸ್ಕೊಳ್ಳಿ.

ಬಾಕಿ ಎಷ್ಟು ಅನ್ನೋದು ಬೇರೆ ಪ್ರಶ್ನೆ. ಜನವರಿಯಲ್ಲಿ ಸರ್ಕಾರ ಬೋಧನಾ ಶುಲ್ಕದ ಶೇ 70 ಮಾತ್ರ ತಗೊಳ್ಳಿ ಅಂತ ಆದೇಶ ಮಾಡಿತು, ಶಾಲೆಗಳು ಕೋರ್ಟಿಗೆ ಹೋಗಿವೆ. ಆ ಲೆಕ್ಕ ಆಮೇಲೆ ಆಗಲಿ, ಪರೀಕ್ಷೆಗೂ ಅದಕ್ಕೂ ಗಂಟು ಬೇಡ.

ಯಲಹಂಕ ವಾಸಿ · 11:50
ಶಾಲೆಯವರ ಕಷ್ಟನೂ ನೋಡಿ ಸರ್. ಸಣ್ಣ ಬಡಾವಣೆ ಶಾಲೆಗಳಲ್ಲಿ ಟೀಚರುಗಳಿಗೆ ಅರ್ಧ ಸಂಬಳವೂ ಸಿಕ್ಕಿಲ್ಲ. ಫೀಸ್ ಬರದೆ ಸಂಬಳ ಎಲ್ಲಿಂದ ಬರಬೇಕು?

ಇಲಾಖೆ ಬಲ್ಲವರು · 12:04
ಆ ಕಷ್ಟ ನಿಜ, ಅದಕ್ಕೆ ಕಂತು ಮಾಡಿಕೊಡೋದು ದಾರಿ. ಮಗುವಿನ ಪರೀಕ್ಷೆ ತಡೆಯೋದಲ್ಲ.

ಕೆ.ಆರ್. ಪುರ ತಾಯಿ · 12:20
ಇನ್ನೊಂದು ಕೇಳ್ತೀನಿ. ಫೀಸ್ ಕಟ್ಟೋಕಾಗದೆ 6ನೇ ಕ್ಲಾಸಿನ ಮಗುವನ್ನ ಸರ್ಕಾರಿ ಶಾಲೆಗೆ ಹಾಕೋರಿದ್ದಾರೆ. ಟಿಸಿ ಕೊಡ್ತಿಲ್ಲ. ಟಿಸಿ ಇಲ್ಲದೆ ಸೇರಿಸ್ಕೊಳ್ತಾರಾ?

ಮಲ್ಲೇಶ್ವರದ ಅಕ್ಕ · 12:31
ಸೇರಿಸ್ಕೊಳ್ಳಲೇಬೇಕು, ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯಲ್ಲಿದೆ. ಎಲ್ಲಾ ಮಕ್ಕಳಿಗೂ ಅನ್ವಯ.

ಇಲಾಖೆ ಬಲ್ಲವರು · 12:45
ಎಲ್ಲರಿಗೂ ಅಲ್ಲ, 8ನೇ ತರಗತಿವರೆಗೆ. ಕಾಯ್ದೆಯ 5ನೇ ಸೆಕ್ಷನ್: ಟಿಸಿ ತಡವಾಯ್ತು ಅನ್ನೋ ಕಾರಣಕ್ಕೆ ಪ್ರವೇಶ ತಡ ಮಾಡೋ ಹಾಗಿಲ್ಲ, ನಿರಾಕರಿಸೋ ಹಾಗೂ ಇಲ್ಲ. 9, 10ಕ್ಕೆ ಇದು ನಡೆಯಲ್ಲ, ಅಲ್ಲಿ ಬಿಇಒ ಮೂಲಕವೇ ಹೋಗಬೇಕು. ಮಗುವಿನ ಎಸ್‌ಎಟಿಎಸ್ ಸಂಖ್ಯೆ (ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ) ಹಳೇ ಪ್ರಗತಿ ಪತ್ರದಲ್ಲಿ ಇರುತ್ತೆ, ಬರ್ಕೊಂಡು ಹೋಗಿ. ಅದು ಹಳೇ ಶಾಲೆಯಿಂದ ಹೊಸ ಶಾಲೆಗೆ ವರ್ಗ ಆಗದಿದ್ರೆ ಮಗು ಎರಡೂ ಕಡೆ ಅರ್ಧಂಬರ್ಧ ಉಳ್ಕೊಳ್ಳುತ್ತೆ.

ಟಿಸಿ ಜೊತೆ ವ್ಯಾಸಂಗ ಪ್ರಮಾಣಪತ್ರನೂ ಕೇಳಿ. ಮುಂದೆ ಸಿಇಟಿಗೆ ಕರ್ನಾಟಕದಲ್ಲಿ 7 ವರ್ಷ ಓದಿದ್ದಕ್ಕೆ ದಾಖಲೆ ಕೇಳ್ತಾರೆ. ಈ ಎರಡು ವರ್ಷದಲ್ಲಿ ಮುಚ್ಚಿಹೋದ ಸಣ್ಣ ಶಾಲೆಗಳಿವೆ, ಆಮೇಲೆ ಹುಡುಕೋದು ಕಷ್ಟ. ಪಿಯುಗೆ ಜಾತಿ, ಆದಾಯ ಪತ್ರ ಬೇಕಾದವರು ನಾಡಕಚೇರಿಗೆ ಈಗಲೇ ಅರ್ಜಿ ಹಾಕಿ. ಫಲಿತಾಂಶ ಬಂದ ವಾರ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ.

ಎರಡನೇ ಕ್ಲಾಸಿನ ಅಮ್ಮ · 3:15
ಎಲ್ಲಾ ಹತ್ತನೇ ಕ್ಲಾಸಿನದೇ ಮಾತಾಯ್ತು. ಚಿಕ್ಕ ಮಕ್ಕಳ ಗತಿ? ಈಗ ಎರಡನೇ ಕ್ಲಾಸಲ್ಲಿರೋರು ಒಂದನೇ ಕ್ಲಾಸಿನ ಬೆಂಚೇ ನೋಡಿಲ್ಲ. ಹೋದ ವರ್ಷ ಜೂನಲ್ಲಿ 5ನೇ ಕ್ಲಾಸ್‌ವರೆಗೆ ಆನ್‌ಲೈನ್ ಬೇಡ ಅಂದ್ರು, ಜುಲೈಯಲ್ಲಿ ಸರ್ಕಾರದ ಆ ನಿಷೇಧಕ್ಕೆ ಹೈಕೋರ್ಟ್ ತಡೆ ಕೊಡ್ತು, ಆಮೇಲೆ ಅದೇ ಫೋನು. ಓದ್ತಾರೆ, ಬರೆಯೋಕೇ ಬರ್ತಿಲ್ಲ.

ನಲಿ ಕಲಿ · 4:00
ಬರವಣಿಗೆ ಕೈಯ ಕೆಲಸ ಮೇಡಂ, ಫೋನಲ್ಲಿ ಬರಲ್ಲ. ದಿನಕ್ಕೆ 10 ನಿಮಿಷ ಸಾಕು, ಆದ್ರೆ ಪ್ರತಿದಿನ. ಮೊದಲ ವಾರ ಸ್ಲೇಟು ಬಳಪ. ಬಳಪಕ್ಕೆ ಸ್ಲೇಟಲ್ಲಿ ತಡೆ ಸಿಗುತ್ತೆ, ಬೆರಳಿಗೆ ಬಲ ಬರುತ್ತೆ. ಅಕ್ಷರಮಾಲೆ ಕ್ರಮ ಬಿಟ್ಟು ಆಕಾರದ ಕ್ರಮ ಹಿಡೀರಿ: ರ, ಗ, ಸ, ದ, ಅ, ಹೀಗೆ ಒಂದರಿಂದ ಇನ್ನೊಂದು ಹುಟ್ಟೋ ಹಾಗೆ. ಎರಡನೇ ವಾರ ಡಬಲ್ ರೂಲ್ ಪುಸ್ತಕ, ಐದು ಸಾಲು. ಒತ್ತಕ್ಷರ ಆಮೇಲೆ. ಪುಟಗಟ್ಟಲೆ ಕಾಪಿ ಬರೆಸಬೇಡಿ, ಮೂರನೇ ಸಾಲಿನ ಮೇಲೆ ಅಕ್ಷರ ಕೆಡುತ್ತಾ ಹೋಗುತ್ತೆ, ಕೆಟ್ಟದ್ದೇ ಅಭ್ಯಾಸ ಆಗುತ್ತೆ. ಪಾಠಕ್ಕೆ ಡೇಟಾ ಸಾಲದಿದ್ರೆ ಚಂದನ ವಾಹಿನಿಯಲ್ಲಿ ಪಾಠ ಬರುತ್ತೆ, ಟಿವಿ ಸಾಕು.

ಬನಶಂಕರಿ ಪೋಷಕ · 19 ಜುಲೈ, ಸಂಜೆ 4:20
ಮೊದಲ ದಿನ ಆಯ್ತು. ಇಲ್ಲಿ ಬರೆದವರಿಗೆಲ್ಲ ತುಂಬಾ ಧನ್ಯವಾದ. 22ರ ಭಾಷೆಗೆ ನಡುವೆ ಎರಡೇ ದಿನ. ಏನು ನೋಡಿಸಲಿ?

ಕನ್ನಡ ಪಂಡಿತ · 5:05
ಇವತ್ತಿನ ಉತ್ತರ ಲೆಕ್ಕ ಹಾಕ್ತಾ ಕೂರೋದು ಬೇಡ, ಅದು ಮೊದಲ ಮಾತು. ಕನ್ನಡದಲ್ಲಿ ವ್ಯಾಕರಣ ಖಚಿತ ಅಂಕ. ಸಂಧಿಯಲ್ಲಿ ಬಿಡಿಸಿ ಬರೆದು ನೋಡಲಿ: ಮಳೆ + ಕಾಲ = ಮಳೆಗಾಲ, ಕ ಹೋಗಿ ಗ ಬಂತು, ಆದೇಶ. ಗುರು + ಅನ್ನು = ಗುರುವನ್ನು, ಹೊಸದಾಗಿ ವ ಬಂತು, ಆಗಮ. ದೇವ + ಆಲಯ = ದೇವಾಲಯ, ಸವರ್ಣದೀರ್ಘ. ಸಮಾಸ, ತತ್ಸಮ ತದ್ಭವ, ವಿಭಕ್ತಿ ಪ್ರತ್ಯಯ ಒಂದು ಹೊತ್ತಿಗೆ ಮುಗಿಯುತ್ತೆ. ಪದ್ಯ, ಪಾಠದಲ್ಲಿ ಕವಿ, ಆಕರ ಕೃತಿ, ಯಾರು ಯಾರಿಗೆ ಹೇಳಿದ್ದು, ಇಷ್ಟನ್ನ ಒಂದೇ ಹಾಳೆಯಲ್ಲಿ ಪಟ್ಟಿ ಮಾಡಿಸಿ. ಭಾಷೆಗಳಲ್ಲಿ ಹೊತ್ತು ಉಳಿಯುತ್ತೆ. ಉಳೀತು ಅಂತ ಬದಲಿಸೋಕೆ ಹೋಗೋದೇ ಅಪಾಯ, ಪೆನ್ನಲ್ಲಿ ತುಂಬಿದ್ದನ್ನ ಅಳಿಸೋಕಾಗಲ್ಲ.

ಸ್ಟುಡಿಯೋ ನಾಗರಬಾವಿ · 20 ಜುಲೈ, 10:30
ಮೊದಲ ಪೋಸ್ಟಲ್ಲಿ ಗ್ರೂಪ್ ಫೋಟೋ ಕೇಳಿದ್ರಿ, ಯಾರೂ ಉತ್ತರ ಕೊಟ್ಟಿಲ್ಲ. ಒಟ್ಟಿಗೆ ನಿಲ್ಲಿಸದೆ ಮಾಡಬಹುದು. ಪ್ರತಿ ಮಗು ಸಮವಸ್ತ್ರದಲ್ಲಿ, ಬಿಳಿ ಗೋಡೆ ಮುಂದೆ, ಕಿಟಕಿ ಬೆಳಕು ಮುಖಕ್ಕೆ ಬೀಳೋ ಹಾಗೆ ನಿಲ್ಲಲಿ. ಫೋನ್ ಮಗುವಿನ ಕಣ್ಣಿನ ಎತ್ತರದಲ್ಲಿ, ಐದಾರು ಅಡಿ ದೂರ, ಎದೆಯಿಂದ ಮೇಲೆ. ಫ್ಲ್ಯಾಶ್ ಬೇಡ, ಬ್ಯೂಟಿ ಫಿಲ್ಟರ್ ಬೇಡ. ವಾಟ್ಸಾಪಲ್ಲಿ ಫೋಟೋ ಅಂತ ಕಳಿಸಿದ್ರೆ ಗುಣಮಟ್ಟ ಇಳಿಯುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿ.

45 ಮಕ್ಕಳಾದ್ರೆ 12×18 ಇಂಚಿನ ಪ್ರಿಂಟಲ್ಲಿ ಸಾಲಿಗೆ 9ರಂತೆ 5 ಸಾಲು, ಒಬ್ಬೊಬ್ಬರಿಗೆ 2 ಇಂಚಿನ ಚೌಕ. 18×10 ಇಂಚು ಫೋಟೋಗೆ ಹೋಯ್ತು, ಉಳಿದ 2 ಇಂಚಿನ ಪಟ್ಟಿಯಲ್ಲಿ ಶಾಲೆ, ವಿಭಾಗ, 2020-21. ಮಧ್ಯದ ಚೌಕ ಕ್ಲಾಸ್ ಟೀಚರಿಗೆ ಬೇಕಂದ್ರೆ ಮಕ್ಕಳು 44.

ಕೆಂಗೇರಿ ಟೀಚರ್ · 11:15
ಇದು ಚೆನ್ನಾಗಿದೆ ಸರ್. ಆಟೋಗ್ರಾಫ್‌ಗೂ ಹೀಗೇ ಮಾಡಬಹುದು: ಎ5 ಹಾಳೆ ಒಂದೊಂದು ಬರೆದು ಟಿಸಿ ತಗೊಳ್ಳೋಕೆ ಬಂದ ದಿನ ಶಾಲೆಗೆ ಕೊಡಲಿ, ನಕಲು ಮಾಡಿಸಿ ಸ್ಪೈರಲ್ ಹಾಕಿಸಿದ್ರೆ ಎಲ್ಲರಿಗೂ ಒಂದೊಂದು ಪುಸ್ತಕ. ಬೀಳ್ಕೊಡುಗೆ ಮಾಡಲೇಬೇಕಂದ್ರೆ ಹಾಲ್ ಬೇಡ, ಮೈದಾನದಲ್ಲಿ, ಒಂದು ವಿಭಾಗದವರನ್ನ ಮೂರು ತಂಡ ಮಾಡಿ, ಊಟ ತಿಂಡಿ ಇಲ್ಲದೆ. ಮಾಸ್ಕ್ ತೆಗೆಯೋದು ತಿನ್ನೋವಾಗಲೇ.

ಎರಡನೇ ಕ್ಲಾಸಿನ ಅಮ್ಮ · 11:40
ಫೋನಿಲ್ಲದ ಮಕ್ಕಳ ಫೋಟೋ?

ಸ್ಟುಡಿಯೋ ನಾಗರಬಾವಿ · 11:52
22ಕ್ಕೆ ಗೇಟಲ್ಲಿ ಬೇಡ. ಟಿಸಿ ದಿನ ಟೀಚರೇ ವರಾಂಡದಲ್ಲಿ ಒಂದು ಗೋಡೆ ಗೊತ್ತು ಮಾಡಿ ತೆಗೆದ್ರೆ ಒಬ್ಬರಿಗೆ ಒಂದು ನಿಮಿಷ. ಎಲ್ಲರದ್ದೂ ಅದೇ ಗೋಡೆ ಮುಂದೆ ತೆಗೆದ್ರೆ ಇನ್ನೂ ಒಳ್ಳೇದು, ಹಿನ್ನೆಲೆ ಒಂದೇ ಬರುತ್ತೆ.